ಲಿಫ್ಟಿಗೆ ದುಡ್ಡು ಕೊಟ್ಟವರು ನೆಲಕ್ಕೆ ಯಾಕೆ ಕೊಡುವುದಿಲ್ಲ?

ಹೂಡಿಯಲ್ಲಿ ನಮ್ಮ ಕ್ರಾಸ್‌ಗೆ ಬಂದು ‘ಕಾರನ್ನ ಅಟ್ಟಕ್ಕೆ ಏರಿಸೋ ಮನೆ ಯಾವುದು’ ಎಂದು ಕೇಳಿದರೆ ಈಗ ಯಾರು ಬೇಕಾದರೂ ತೋರಿಸುತ್ತಾರೆ. ಮೂವತ್ತು ನಲವತ್ತರ ಸೈಟು. ಗೇಟಿನಿಂದ ಹಿತ್ತಲ ಒಗೆಯುವ ಕಲ್ಲಿನವರೆಗೆ ಉದ್ದಕ್ಕೆ ಬಿಟ್ಟ ಜಾಗ, ಮೇಲೆ ತಗಡಿನ ಶೀಟು. ಅದರ ಕೆಳಗೆ ನಾಲ್ಕು ಕಬ್ಬಿಣದ ಕಂಬಗಳ ಕಾರ್ ಲಿಫ್ಟ್ ನಿಂತಿದೆ. ಅದನ್ನು ನಿಲ್ಲಿಸುವಾಗ ಮೆಕ್ಯಾನಿಕಲ್ ಆರನೇ ಸೆಮಿಸ್ಟರಿನ ನಾನು ಮಾಡಿದ ತಪ್ಪು ಸಣ್ಣದಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಸೋದರಮಾವನದು ಎರಡು ಹಳದಿ ಬೋರ್ಡ್ ಕಾರು. ಒಂದನ್ನು ತಾನೇ ಓಡಿಸುತ್ತಾನೆ, ಇನ್ನೊಂದಕ್ಕೆ ಡ್ರೈವರ್ ಇದ್ದಾನೆ. ಒಂದು ಕಾರು ಮನೆಯೊಳಗೆ ನಿಂತರೆ ಇನ್ನೊಂದು ಬೀದಿಯಲ್ಲಿ. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂದ ಮೇಲೆ ಬೆಳಿಗ್ಗೆ ಏಳಕ್ಕೇ ನಮ್ಮ ಬೀದಿಯ ಅಂಚೆಲ್ಲ ಸ್ಟೇಷನ್ನಿಗೆ ಹೋಗುವವರ ಬೈಕುಗಳಿಂದ ತುಂಬಿಹೋಗುತ್ತದೆ. ಆಯಿಲ್ ಬದಲಿಸುವುದು, ಬುಷ್ ಬದಲಿಸುವುದು, ಸೈಲೆನ್ಸರ್ ಕಟ್ಟುವುದು, ಎಲ್ಲವನ್ನೂ ಮಾವ ತಾನೇ ಮಾಡಿಕೊಳ್ಳುತ್ತಾನೆ. ಜಾಕ್ ಎತ್ತಿ, ಪಕ್ಕಕ್ಕೆ ಎರಡು ಸೈಜುಗಲ್ಲು ಇಟ್ಟು, ಕೆಳಗೆ ಗೋಣಿಚೀಲ ಹಾಸಿ ಮಲಗುವುದು ಅವನ ಪದ್ಧತಿ. ಒಂದು ಭಾನುವಾರ ಜಾಕ್ ಜಾರಿತು. ಕಾರು ಸೈಜುಗಲ್ಲಿನ ಮೇಲೆ ಧೊಪ್ಪೆಂದು ಕೂತಿತು. ಮಾವ ಆಗ ಸ್ಪ್ಯಾನರ್ ತರಲು ಎದ್ದುಹೋಗಿದ್ದ. ಅವತ್ತು ರಾತ್ರಿ ಅತ್ತೆ ಊಟ ಬಡಿಸಲಿಲ್ಲ, ಮಾತೂ ಆಡಲಿಲ್ಲ. ಲಿಫ್ಟ್ ತರುವುದು ಎಂದು ತೀರ್ಮಾನವಾದದ್ದು ಹಾಗೆ. ಮೇಲೊಂದು ಕೆಳಗೊಂದು ಎರಡೂ ಕಾರು ಒಳಗೇ ನಿಲ್ಲುತ್ತವೆ, ಕೆಲಸವನ್ನೂ ನಿಂತುಕೊಂಡೇ ಮಾಡಬಹುದು. ಮುಚ್ಚಿದ ಒಂದು ಸರ್ವಿಸ್ ಸೆಂಟರಿನಿಂದ ಸೆಕೆಂಡ್ ಹ್ಯಾಂಡ್ ಲಿಫ್ಟ್ ಸಿಕ್ಕಿತು.

‘ಇಂಜಿನಿಯರ್ ಇದೀಯಲ್ಲೋ, ನೆಲ ತಡೀತದಾ ನೋಡಿ ಹೇಳು’ ಅಂದ ಮಾವ.

ನೋಡಿದೆ. ಟೇಪ್ ಹಿಡಿದು ಅಳತೆ ತೆಗೆದು ಲ್ಯಾಪ್‌ಟಾಪಿನಲ್ಲಿ ಚಂದದ ಡ್ರಾಯಿಂಗ್ ಮಾಡಿದೆ. ಸೆಡಾನ್ ಎತ್ತರ ಸುಮಾರು 1.5 ಮೀಟರ್, ಎರಡಕ್ಕೆ 3, ನಡುವಿನ ಟ್ರ್ಯಾಕು ಮತ್ತು ಕೈಯಾಡುವ ಜಾಗ ಸೇರಿ 3.3 ಮೀಟರ್. ಶೀಟು ಅದಕ್ಕಿಂತ ಮೇಲಿತ್ತು. ಕಾರಿನ ತೂಕ 1,300 ಕೆ.ಜಿ. ಎಂದಿಟ್ಟುಕೊಂಡೆ. ಇಂಜಿನ್ ಮುಂದಿರುವುದರಿಂದ ಶೇ 60ರಷ್ಟು ಭಾರ ಮುಂದಿನ ಎರಡು ಕಂಬಕ್ಕೆ, ಅಂದರೆ ತಲಾ 390. ಲಿಫ್ಟಿನದೇ ತೂಕ 800, ಅದರ ನಾಲ್ಕನೇ ಒಂದು ಪಾಲು 200. ಒಟ್ಟು 590 ಕೆ.ಜಿ. ಕಂಬದ ಬುಡದ ಪ್ಲೇಟು ಒಂದಡಿ ಚೌಕ. ಒತ್ತಡ ಲೆಕ್ಕ ಹಾಕಿದರೆ ಚದರ ಮಿ.ಮೀ.ಗೆ 0.065 ನ್ಯೂಟನ್‌ಗೂ ಕಡಿಮೆ. ಎಂ20 ಕಾಂಕ್ರೀಟು ಚದರ ಮಿ.ಮೀ.ಗೆ 20 ನ್ಯೂಟನ್ ತಡೆಯಬೇಕು. ‘ಮಾವ, ಬೇಕಾದ್ದಕ್ಕಿಂತ ಮುನ್ನೂರು ಪಟ್ಟು ಗಟ್ಟಿ’ ಎಂದು ಘೋಷಿಸಿಬಿಟ್ಟೆ. 1744ರಲ್ಲಿ ಆಯ್ಲರ್ ಕೊಟ್ಟ ಸೂತ್ರ ಹಾಕಿ ಕಂಬ ಬಾಗುವುದಿಲ್ಲ ಎಂಬುದನ್ನೂ ತೋರಿಸಿದೆ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ ಬರುತ್ತಿತ್ತು.

ಲಿಫ್ಟ್ ನಿಲ್ಲಿಸಲು ಪೀಣ್ಯದಿಂದ ಒಬ್ಬ ಫಿಟ್ಟರ್ ಬಂದರು. ಐಟಿಐ ಓದಿದವರು, ವಯಸ್ಸು ಐವತ್ತರ ಹತ್ತಿರ. ನನ್ನ ಡ್ರಾಯಿಂಗನ್ನು ಮರ್ಯಾದೆಯಿಂದ ಕೈಗೆ ತಗೊಂಡು ಮಡಚಿ ಜೇಬಿಗಿಟ್ಟರು. ಚೀಲದಿಂದ ಸುತ್ತಿಗೆ ತೆಗೆದು, ನಾನು ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದ ನಾಲ್ಕೂ ಜಾಗದಲ್ಲಿ ನೆಲಕ್ಕೆ ಕುಟ್ಟಿದರು. ಮೂರು ಕಡೆ ಠಕ್ ಠಕ್. ಗೇಟಿನ ಬಲಗಡೆ ಮೂಲೆಯಲ್ಲಿ ಮಾತ್ರ ಡಬ್ ಡಬ್.

‘ತಮ್ಮಾ, ಸಂಪ್ ಎಲ್ಲಿದೆ?’

ಬೆಂಗಳೂರಿನ ಎಷ್ಟು ಮನೆಗಳಲ್ಲಿ ಕಾರು ನಿಲ್ಲುವ ಜಾಗದ ಕೆಳಗೇ ನೀರಿನ ಸಂಪ್ ಇರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇ? ಟ್ಯಾಂಕರ್ ಬಂದಾಗ ಪೈಪ್ ಹಿಡಿದು ಅದರ ಮುಚ್ಚಳ ಎತ್ತುವವನೇ ನಾನು. ಮುಚ್ಚಳ ನನ್ನ ಗುರುತಿನಿಂದ ನಾಲ್ಕಡಿ ಆಚೆ ಇತ್ತು. ಸಂಪ್ ಮಾತ್ರ ನೆಲದಡಿ ಈಚೆಗೂ ಚಾಚಿತ್ತು. ನನ್ನ ಒಂದು ಕಂಬ ನಿಲ್ಲಬೇಕಿದ್ದದ್ದು ನಾಲ್ಕಿಂಚಿನ ಸ್ಲ್ಯಾಬ್ ಮೇಲೆ. ಅದರ ಕೆಳಗೆ ಮಣ್ಣಿಲ್ಲ, ಆರಡಿ ನೀರು.

ಮಾವ ಸುಲಭಕ್ಕೆ ಒಪ್ಪಲಿಲ್ಲ. ದಿನಾ ಕಾರು ಅದರ ಮೇಲೇ ಹಾದುಹೋಗುತ್ತದಲ್ಲ, ಒಂದು ಚಕ್ರದ ಭಾರವೂ ಅಷ್ಟೇ ಅಲ್ಲವಾ ಎಂದು ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಫಿಟ್ಟರ್ ಹೇಳಿದ್ದು ಇಷ್ಟು: ಚಕ್ರ ಬರುತ್ತೆ, ಹೋಗುತ್ತೆ. ಕಂಬ ಹಗಲೂ ರಾತ್ರಿ ಅಲ್ಲೇ ನಿಂತಿರುತ್ತೆ. ಅದರ ಬುಡಕ್ಕೆ ನಾಲ್ಕು ತೂತು ಕೊರೆದು ಬೋಲ್ಟ್ ಬೇರೆ ಹಾಕಬೇಕು. ಕೆಳಗಿನ ಕಾರಿನ ಚಕ್ರವೂ ಪಕ್ಕದಲ್ಲೇ ಕೂರುತ್ತೆ. ಚಕ್ರದ ಕೆಳಗೆ ಸ್ಲ್ಯಾಬ್ ಬಿರುಕು ಬಿಟ್ಟರೆ ಟೈರ್ ಸಿಕ್ಕಿಕೊಳ್ಳುತ್ತೆ, ಕಂಬದ ಕೆಳಗೆ ಬಿಟ್ಟರೆ ಆರಡಿ ಮೇಲಿಂದ ಕಾರು ಬರುತ್ತೆ.

ನಾನು ಲೆಕ್ಕ ಹಾಕಿದ್ದು ಕಾಂಕ್ರೀಟು ಜಜ್ಜಿಹೋಗುತ್ತದೆಯೇ ಎಂಬುದನ್ನು. ಕೇಳಬೇಕಿದ್ದದ್ದು ಅದು ಬಾಗುತ್ತದೆಯೇ, ಕುಸಿಯುತ್ತದೆಯೇ ಎಂಬುದನ್ನು. ಭಾರವನ್ನು ನಾಲ್ಕು ಕಂಬಕ್ಕೆ ಸಲೀಸಾಗಿ ಹಂಚಿದ್ದೂ ತಪ್ಪೇ. ಟೀ ಅಂಗಡಿಯ ನಾಲ್ಕು ಕಾಲಿನ ಮೇಜು ನೆನಪು ಮಾಡಿಕೊಳ್ಳಿ. ಒಂದು ಕಾಲು ಒಂದಿಷ್ಟು ಗಿಡ್ಡವಾದರೆ ಭಾರವೆಲ್ಲ ಕರ್ಣರೇಖೆಯ ಎರಡು ಕಾಲಿಗೆ ಬೀಳುತ್ತದೆ, ಮೇಜು ಅತ್ತಿತ್ತ ಆಡುತ್ತದೆ. ಲಿಫ್ಟಿನ ಒಂದು ಕಂಬ ಒಂದು ಸೆಂಟಿಮೀಟರ್ ಕೂತರೂ ಕಥೆ ಅದೇ. ಭಾಗಿಸು ನಾಲ್ಕು ಎನ್ನುವುದು ಬಿಗಿಯಾದ, ಮಟ್ಟಸವಾದ ನೆಲದ ಮೇಲೆ ಮಾತ್ರ ನಡೆಯುವ ಲೆಕ್ಕ.

ನಮ್ಮ ನೆಲ ಮಟ್ಟಸವೂ ಇರಲಿಲ್ಲ. ಮಳೆನೀರು ಗೇಟಿನ ಕಡೆ ಹರಿಯಲಿ ಎಂದು ಮೇಸ್ತ್ರಿ ಇಳಿಜಾರು ಕೊಟ್ಟಿದ್ದ, ನಾಲ್ಕೂವರೆ ಮೀಟರಿಗೆ ನಾಲ್ಕೂವರೆ ಸೆಂಟಿಮೀಟರ್. ಕಂಬದ ಬುಡಕ್ಕೆ ತಗಡಿನ ಶಿಮ್ ಕೊಟ್ಟು ಸರಿಮಾಡುವುದಕ್ಕೂ ಮಿತಿ ಉಂಟು. ಹೆಚ್ಚೆಂದರೆ ಅರ್ಧ ಇಂಚು. ಅದಕ್ಕಿಂತ ಹೆಚ್ಚಿದ್ದರೆ ನೆಲವನ್ನೇ ಸರಿಮಾಡಬೇಕು.

ಕೊನೆಗೆ ಇಡೀ ಲಿಫ್ಟನ್ನು ಹಿಂದಕ್ಕೆ ಸರಿಸಿದೆವು. ಅಮ್ಮನ ಒಗೆಯುವ ಕಲ್ಲು ಮಹಡಿ ಹತ್ತಿತು. ಈ ವಿಷಯದಲ್ಲಿ ಅಮ್ಮನ ಅಭಿಪ್ರಾಯವನ್ನು ಯಾರೂ ಮೊದಲು ಕೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು ಎಂದು ಅಮ್ಮನೇ ಹೇಳಿದ್ದಾಳೆ. ಟೈಲ್ಸ್ ಒಡೆದು, ಮಣ್ಣು ತೆಗೆದು ದಮ್ಮಸ್ಸು ಮಾಡಿ, ಕಂಬಿಯ ಜಾಲಿ ಹಾಕಿ ಆರಿಂಚು ಕಾಂಕ್ರೀಟು ಸುರಿದೆವು. ಆಮೇಲೆ ಶುರುವಾಯಿತು ನಿಜವಾದ ಜಗಳ. ಕಾಂಕ್ರೀಟಿನ ಬಲವನ್ನು 28ನೇ ದಿನಕ್ಕೆ ಅಳೆಯುತ್ತಾರೆ, ಐಎಸ್ 456 ಹೇಳುವುದೂ ಅದನ್ನೇ. ಏಳು ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಂದಿರುತ್ತದೆ. ‘ಮೂರರಲ್ಲಿ ಎರಡು ಅಂದ್ರೆ ಫಸ್ಟ್ ಕ್ಲಾಸ್ ಕಣೋ’ ಎಂದು ಮಾವ ಎಂಟನೇ ದಿನವೇ ಡ್ರಿಲ್ ತಂದ. ಅವನ ಕಷ್ಟ ನನಗೆ ಗೊತ್ತಿತ್ತು. ಎರಡೂ ಕಾರು ಬೀದಿಯಲ್ಲಿ, ಒಂದರ ಕ್ಲಚ್ ಕೆಲಸ ಬಾಕಿ, ಸಾಲದ ಕಂತು ಬೇರೆ. ಆದರೂ ಬಿಡಲಿಲ್ಲ. ಒಮ್ಮೆ ಮುನ್ನೂರು ಪಟ್ಟು ಎಂದು ಬಾಯಿಬಿಟ್ಟವನಿಗೆ ಎರಡನೇ ಸಲ ಬಾಯಿಬಿಡಲು ಧೈರ್ಯ ಇರಲಿಲ್ಲ. 28 ದಿನ ಗೋಣಿಚೀಲಕ್ಕೆ ನೀರು ಹಾಕಿದವನು ನಾನೇ.

ನಿಲ್ಲಿಸುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಹೀಗೊಂದು ಯಂತ್ರದ ಜೊತೆ ಎರಡು ದಿನ ಕಳೆಯಲು ಎಲ್ಲ ಬಿಇ ವಿದ್ಯಾರ್ಥಿಗಳಿಗೂ ಸಿಗಬೇಕು ಎಂದು ನನ್ನ ಆಸೆ. ಒಂದೇ ಹೈಡ್ರಾಲಿಕ್ ಸಿಲಿಂಡರು ಒಂದು ಟ್ರ್ಯಾಕಿನ ಹೊಟ್ಟೆಯೊಳಗೆ ಅಡಗಿರುತ್ತದೆ. ಅದು ನಾಲ್ಕು ವೈರ್ ರೋಪುಗಳನ್ನು ರಾಟೆಗಳ ಮೇಲೆ ಎಳೆಯುತ್ತದೆ, ನಾಲ್ಕು ಮೂಲೆಯೂ ಒಟ್ಟಿಗೆ ಏರುತ್ತವೆ. ಪ್ರತಿ ಕಂಬದೊಳಗೆ ಏಣಿಯಂಥ ಪಟ್ಟಿ. ಮೇಲೇರುತ್ತ ಹೋದಂತೆ ಲಾಕು ಒಂದೊಂದು ಮೆಟ್ಟಿಲಿಗೂ ಟಕ್ ಎಂದು ಬೀಳುತ್ತದೆ. ಫಿಟ್ಟರ್ ಮೊದಲು ಗುಂಡು ಇಳಿಬಿಟ್ಟು ಕಂಬಗಳ ನೇರ ನೋಡಿದರು. ಆಮೇಲೆ ಲೇಸರ್ ಅಲ್ಲ, ಗಾರೆಯವರ ನೀರು ತುಂಬಿದ ಪ್ಲಾಸ್ಟಿಕ್ ಪೈಪು. ಕಂಬದ ತುದಿಯ ನಟ್ಟು ತಿರುಗಿಸಿ ನಾಲ್ಕೂ ಏಣಿಗಳನ್ನು ಒಂದೇ ಮಟ್ಟಕ್ಕೆ ತಂದರು. ರೋಪುಗಳಿಗೆ ಕೈ ಹಾಕಿದ್ದು ಅದಾದ ಮೇಲೆ. ‘ಕಣ್ಣು ಮುಚ್ಚಿಕೊಂಡು ಕೇಳು, ನಾಲ್ಕು ಟಕ್ ಒಂದೇ ಟಕ್ ಆಗಬೇಕು’ ಅಂದರು. ಮೊದಲ ಸಲ ಟಕ್-ಟಟಕ್-ಟಕ್. ಮಧ್ಯಾಹ್ನದ ಹೊತ್ತಿಗೆ ಒಂದೇ ಸದ್ದು.

ಬೋಲ್ಟ್ ಹಾಕುವಾಗ ತೂತಿನ ದೂಳನ್ನು ಪಂಪಿನಿಂದ ಊದಿ ತೆಗೆಯದಿದ್ದರೆ ಆ್ಯಂಕರ್ ಕಾಂಕ್ರೀಟನ್ನು ಸರಿಯಾಗಿ ಕಚ್ಚುವುದಿಲ್ಲ. ಇದೂ ಅವರಿಂದಲೇ ಕಲಿತದ್ದು. ಮನೆಬಳಕೆಯ ಕೆಲವು ಫೋರ್ ಪೋಸ್ಟ್ ಲಿಫ್ಟುಗಳಿಗೆ ಬೋಲ್ಟ್ ಕಡ್ಡಾಯವಲ್ಲ, ಗಾಲಿ ಹಾಕಿ ತಳ್ಳುವಂಥವೂ ಇವೆ. ಇಕ್ಕಟ್ಟಿನ ಜಾಗದಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಬಂಪರ್ ತಾಗುವ ನಮ್ಮಂಥವರ ಮನೆಯಲ್ಲಿ ಬೋಲ್ಟ್ ಬೇಕೇ ಬೇಕು ಎಂಬುದು ನನ್ನ ವಾದ. ಕಾರು ಮೇಲೇರಿದ ಮೇಲೆ ಲಾಕಿನ ಮೇಲೆ ಇಳಿಸಿ ಕೂರಿಸಬೇಕು. ರೋಪು, ಆಯಿಲ್ ಪ್ರೆಶರಿನ ಮೇಲೆ ನೇತುಹಾಕಿ ಅದರ ಕೆಳಗೆ ನಿಲ್ಲುವುದು ಜಾಕನ್ನು ನಂಬಿದ ಹಾಗೆಯೇ.

ಈಗ ನನ್ನ ತಕರಾರು. ಇಂಥ ಲಿಫ್ಟಿನ ಮ್ಯಾನ್ಯುಯಲ್ಲುಗಳು ಮಣ್ಣಿನ ಮೇಲೆ ಗಟ್ಟಿಯಾಗಿ ಕೂತ, ಮಟ್ಟಸವಾದ ಗ್ಯಾರೇಜ್ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ನಮ್ಮ ಲಿಫ್ಟಿನ ಜೊತೆ ಬಂದದ್ದರಲ್ಲಿ ‘ಕೆಳಗೆ ಸಂಪ್ ಇದೆಯೇ’ ಎಂಬ ಪ್ರಶ್ನೆ ಇಲ್ಲ, ಕನ್ನಡವಂತೂ ಇಲ್ಲವೇ ಇಲ್ಲ. ಮಾರುವವರು ಎಷ್ಟು ಟನ್ ಎತ್ತುತ್ತದೆ ಎಂದು ಹೇಳುತ್ತಾರೆ, ನೆಲ ನೋಡಲು ಬರುವುದಿಲ್ಲ. ಕೊಳ್ಳುವವರೂ ಲಿಫ್ಟಿಗೆ ಲಕ್ಷ ಎಣಿಸಿ ಕಾಂಕ್ರೀಟಿಗೆ ಚೌಕಾಸಿ ಮಾಡುತ್ತಾರೆ. ಮಾವ ಮಾಡಿದ್ದೂ ಅದನ್ನೇ. ಸ್ಥಳ ನೋಡಿ ಸಹಿ ಹಾಕದೆ ಲಿಫ್ಟ್ ಮಾರಬಾರದು ಎಂಬ ನಿಯಮ ತಂದರೆ ಏನು ಕಷ್ಟ? ಆ ಸಹಿ ಹಾಕುವ ಕೆಲಸಕ್ಕೆ ಜನ ಬೇಕಲ್ಲ, ಡಿಪ್ಲೊಮಾ, ಬಿಇ ಮುಗಿಸಿ ಕೆಲಸ ಹುಡುಕುತ್ತಿರುವವರು ನಾವೇ ಇದ್ದೇವೆ.

ಆದರೆ ಆ ಸಹಿಗೆ ನಾವು ಯೋಗ್ಯರಾ? ನನ್ನ ಕ್ಲಾಸಿನ ಎಷ್ಟೋ ಗೆಳೆಯರು ಕೋಡಿಂಗ್ ಕಲಿಯುತ್ತಿದ್ದಾರೆ. ತಪ್ಪಲ್ಲ, ಐಟಿಪಿಎಲ್ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ, ಸಂಬಳವೂ ಅಲ್ಲೇ ಇದೆ. ಬೇಸರ ಇಂಟರ್ನ್‌ಶಿಪ್ಪಿನ ಬಗ್ಗೆ. ಯಂತ್ರವನ್ನು ಮುಟ್ಟದೆ, ವಿಡಿಯೊ ನೋಡಿ ಸರ್ಟಿಫಿಕೇಟು ತರುವವರು ನಮ್ಮಲ್ಲಿದ್ದಾರೆ. ನಾನೂ ಕಳೆದ ವರ್ಷ ಹಾಗೇ ಒಂದು ತಂದಿದ್ದೆ. ಅದರ ಬದಲು ಒಬ್ಬ ಫಿಟ್ಟರಿನ ಹಿಂದೆ ನಾಲ್ಕು ವಾರ ಚೀಲ ಹೊತ್ತು ತಿರುಗಿದರೆ ಅದನ್ನೇ ಇಂಟರ್ನ್‌ಶಿಪ್ ಎಂದು ಕಾಲೇಜು ಒಪ್ಪಿಕೊಳ್ಳಬೇಕು, ಆ ಫಿಟ್ಟರಿಗೆ ಕಲಿಸಿದ್ದಕ್ಕೆ ದುಡ್ಡನ್ನೂ ಕೊಡಬೇಕು. ನಮ್ಮ ಮನೆಗೆ ಬಂದವರು ಎರಡು ದಿನದ ಕೂಲಿ ಎಂದು ಕೇಳಿದ ಮೊತ್ತ ನನ್ನ ಸರ್ಟಿಫಿಕೇಟಿನ ಫೀಸಿಗಿಂತ ಕಡಿಮೆಯಿತ್ತು.

ಹೊರಡುವಾಗ ನನ್ನ ಡ್ರಾಯಿಂಗನ್ನು ಜೇಬಿನಿಂದ ತೆಗೆದು ವಾಪಸ್ ಕೊಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕು ಕಂಬಗಳ ಶಿಮ್ ದಪ್ಪ ಬರೆದಿದ್ದರು: 2, 0, 3, 5. ಹೊಸ ರೋಪು ಸ್ವಲ್ಪ ಎಳೆದುಕೊಳ್ಳುತ್ತದೆ, ಹದಿನೈದು ದಿನಕ್ಕೆ ಮತ್ತೆ ಟಕ್ ಕೇಳಿಸಿಕೋ, ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡು ಎಂದಿದ್ದರು. ಹದಿನೈದನೇ ದಿನ ಎರಡನೇ ಕಂಬದ ಟಕ್ ಚೂರು ತಡವಾಗಿ ಬಿತ್ತು. ಆ ಕಂಬದ ರೋಪಿನ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಮಾವ ಕೆಳಗೆ ನಿಂತು ಕಿವಿಗೊಟ್ಟು ಕೇಳಿ ‘ಇನ್ನೊಂದ್ಸಲ ಏರಿಸು’ ಅಂದ.