ರೊಟ್ಟಿ ಬಡಿಯಾಕ ಬರತೈತೇನವ್ವಾ?

ನಮ್ಮ ಹಿರೇಕೆರೂರು ಕಡೆ ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಚಹಾದ ಕಪ್ಪು-ಬಸಿ ಕೆಳಗಿಡುವ ಮೊದಲೇ ಕೇಳುವ ಮಾತಿದು. ಹುಡುಗಿ ಎಂ.ಎ. ಓದಿರಲಿ, ಬಿ.ಇ. ಮಾಡಿರಲಿ, ಪ್ರಶ್ನೆ ಅದೇ.

ರೊಟ್ಟಿ ಬಡಿಯುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಬಲು ನಾಜೂಕಿನ ವಿದ್ಯೆ ಅದು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ಬಿಸಿ ಇರುವಾಗಲೇ ನಾದಬೇಕು. ತಿರುಗಿಸುತ್ತ ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರಬೇಕು. ತುಸು ತಡವಾದರೂ ಅಂಚು ಬಿರಿಯುತ್ತದೆ. ಮದುವೆಗೆ ಮೊದಲೇ ಓಣಿಯ ಹೆಂಗಸರು ಕೂತು ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಬಡಿದಿಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಮಾತ್ರ ಅವರದು ಕೊನೆಯ ಸಾಲು!

ಈಗ ಅದೇ ರೊಟ್ಟಿಯನ್ನು ಹೆಂಗಸರು ಬಡಿದು, ಪ್ಯಾಕೆಟ್ ಮಾಡಿ, ಎಣಿಸಿ ದುಡ್ಡು ಪಡೆಯುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಜೋಳಕ್ಕೂ ಮರ್ಯಾದೆ ಬಂತು. ಬಡಿಯುವ ಕೈಗೆ? ಮದುವೆಯ ಮಾತುಕತೆಯಲ್ಲಿ ಅದಿನ್ನೂ ಬಿಟ್ಟಿ. 1961ರ ಕಾಯ್ದೆ ವರದಕ್ಷಿಣೆಯ ಹಣ-ಬಂಗಾರವನ್ನು ನಿಷೇಧಿಸಿತು. ಜೀವಮಾನದ ರೊಟ್ಟಿಯನ್ನು ಯಾರು ಲೆಕ್ಕ ಹಿಡಿದರು?

ತಾಯಂದಿರೇ, ಇನ್ನೊಮ್ಮೆ ಯಾರಾದರೂ ಹೀಗೆ ಕೇಳಿದರೆ, ಮಗಳು ತಲೆ ತಗ್ಗಿಸುವ ಮೊದಲು ನೀವೇ ವರನತ್ತ ತಿರುಗಿ: "ನಿನಗ ಬರತೈತೇನಪ್ಪಾ? ಹಿಟ್ಟರ ನಾದತೀಯೋ?"