ಪಹಣಿ, ಕ್ಯೂ ಮತ್ತು ನಮ್ಮ ಅವಸರ

ಕಡೂರು ಕಡೆ ತೆಂಗು, ಅಡಿಕೆ ತೋಟ ಇರೋ ಮನೆಯವರಿಗೆ ಪಹಣಿ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಸೊಸೈಟಿ ಸಾಲ, ಬೆಳೆ ವಿಮೆ, ಕೊನೆಗೆ ಕೋರ್ಟಲ್ಲಿ ಯಾರಿಗೋ ಜಾಮೀನು ನಿಲ್ಲೋಕೂ ಅದೊಂದು ಹಾಳೆ ಬೇಕು. ಒಂದು ಕಾಲದಲ್ಲಿ ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಅವರು ಸಿಗಬೇಕು, ಸಿಕ್ಕರೆ ಮನಸ್ಸು ಮಾಡಬೇಕು. ಆ ಮನಸ್ಸಿಗೊಂದು ರೇಟ್ ಇರುತ್ತಿತ್ತು.

ಇದನ್ನ ಮುರಿದದ್ದು 'ಭೂಮಿ' ಯೋಜನೆ. ಕಂಪ್ಯೂಟರ್ ಬಂತು, ಲಂಚ ಹೋಯ್ತು ಅಂತ ನಾವು ಇಂಜಿನಿಯರಿಂಗ್‌ನವರು ಸುಲಭವಾಗಿ ಹೇಳಿಬಿಡ್ತೀವಿ. ಅದು ಅರ್ಧ ಸತ್ಯ. ಭೂದಾಖಲೆ ಕಂಪ್ಯೂಟರಿಗೆ ಹಾಕೋ ಪ್ರಯತ್ನ 1990ರ ದಶಕದ ಶುರುವಿನಿಂದಲೂ ಇತ್ತು. ಆದರೆ ತಿದ್ದುಪಡಿ ನಡೆಯೋ ತಾಲ್ಲೂಕಿನಲ್ಲಿ ಪುಸ್ತಕ ಹಾಗೇ ಉಳಿದಿತ್ತು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ನೇತೃತ್ವದಲ್ಲಿ 'ಭೂಮಿ' ಬಂದಾಗ, ತಾಲ್ಲೂಕಿನ ದಾಖಲೆ ಸಿದ್ಧವಾದ ಕೂಡಲೇ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದರು. ಹಿಂಬಾಗಿಲು ಮುಚ್ಚಿದ ಈ ನಿರ್ಧಾರ ಇದೆಯಲ್ಲ, ನನ್ನ ಪ್ರಕಾರ ನಾಯಕತ್ವ ಅಂದ್ರೆ ಅದು. ಸಾಫ್ಟ್‌ವೇರ್ ಬರೆಯೋರು ಬೇಕಾದಷ್ಟು ಜನ ಸಿಗ್ತಾರೆ.

ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ, ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್, ಆಗ ಪ್ರತಿಗೆ 15 ರೂಪಾಯಿ. ನನಗೆ ಇಷ್ಟವಾದದ್ದು ಖಾತೆ ಬದಲಾವಣೆಯ ಅರ್ಜಿಗೆ ಇಟ್ಟ ನಿಯಮ: ಮೊದಲು ಬಂದದ್ದು ಮೊದಲು. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಎರಡು ಮಾರ್ಕ್ಸಿಗೆ ಬರೆದು ಮರೆತ ಅದೇ ಕ್ಯೂ! ಇವರ ಫೈಲ್ ಮೇಲೆ, ಅವರ ಫೈಲ್ ಕೆಳಗೆ ಅನ್ನೋ ಅಧಿಕಾರವೇ ತಾನೇ ಮಾರಾಟಕ್ಕಿದ್ದ ಸರಕು?

ಹಾಗಂತ ಎಲ್ಲ ಸರಿಹೋಯ್ತಾ? ಇಲ್ಲ. ಸರ್ವೆ, ಪೋಡಿ, ಸ್ಥಳ ಪರಿಶೀಲನೆ, ಹೀಗೆ ಒಬ್ಬರು ಬಂದು ನೋಡಿ ಬರೆಯಬೇಕಾದ ಕಡೆ ಕ್ಯೂಗಿಂತ 'ಪರಿಚಯ' ದೊಡ್ಡದು ಅಂತ ಊರಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ.

2012ರಲ್ಲಿ ಬಂದ 'ಸಕಾಲ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಜಿಗೊಂದು ನಂಬರ್, ಕೆಲಸಕ್ಕೊಂದು ಗಡುವು. ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಕೇಳಿ ಪಡೆದವರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಇದ್ದೀರಿ?

ನಾನಂತೂ ಕೇಳಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತು, ಕೊನೇ ದಿನ ಹತ್ತಿರ ಬಂದಿತ್ತು. ಯಾವ ಊರು ಅಂತ ಬೇಡ, ಕಚೇರಿ ಎದುರಿನ ಏಜೆಂಟ್ "ನಾಳೆ ಸಂಜೆ ಕೊಡ್ತೀನಿ ಬಿಡಿ" ಅಂದ. ಕೊಟ್ಟೆ. ಒಳಗೆ ಯಾರೂ ನನ್ನ ಹತ್ತಿರ ಒಂದು ಪೈಸೆ ಕೇಳಿರಲಿಲ್ಲ. ಹೊರಗೆ ಬಂದಾಗ ಅದೇ ಕೆಲಸಕ್ಕೆ ಬಂದ ಒಬ್ಬ ಅಜ್ಜಿ ಕಟ್ಟೆ ಮೇಲೆ ಕೂತಿದ್ದರು. "ನಿಂದು ಆಯ್ತೇನಪ್ಪಾ?" ಅಂದರು. ಹೂಂ ಅಂದು ಬಸ್ ಹತ್ತಿದೆ.

ನಮ್ಮಲ್ಲಿ ಕೆಲವರು ಈಗಲೇ ಎಇ, ಪಿಡಿಓ ಪರೀಕ್ಷೆಗೆ ಓದ್ತಿದ್ದೀರಿ. ನಾಳೆ ಆ ಕೌಂಟರಿನ ಒಳಗೆ ಕೂರೋರು ನೀವೇ, ಹೊರಗೆ ಅದೇ ಅಜ್ಜಿ ಇರ್ತಾರೆ. ಅವರ ಅರ್ಜಿಯ ನಂಬರ್ ಎಷ್ಟನೇದು ಅಂತ ನೋಡ್ತೀರಾ?