ತೊಡೆಯ ಪೆಟ್ಟನ್ನು ನೀವಬೇಡಿ

ಮಂಡ್ಯದ ಕೊತ್ತತ್ತಿ ಕಡೆಯ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಎಂದರೆ ಕಪ್ಪು, ನಗದು ಬಹುಮಾನ, ಫ್ಲೆಕ್ಸು, ಮೈಕು ಎಲ್ಲಕ್ಕೂ ದುಡ್ಡು ಹೊಂದಿಸುತ್ತಾರೆ. ಅಂಕಣದ ಪಕ್ಕ ಒಬ್ಬ ಫಿಸಿಯೋಥೆರಪಿಸ್ಟನ್ನು ಕೂರಿಸಲು ಮಾತ್ರ ಯಾರಿಗೂ ತೋಚುವುದಿಲ್ಲ. ರೈಡರ್‌ನ ಮೊಣಕಾಲು ಹಿಡಿಯಲು ಬಂದವನ ತೊಡೆಗೆ ಬಡಿಯುತ್ತದೆ, ಹುಡುಗ ಕುಂಟುತ್ತಾ ಹೊರಬರುತ್ತಾನೆ. ಜೊತೆಗಾರರು ಬಾಮು ಹಚ್ಚಿ ಬಲವಾಗಿ ನೀವುತ್ತಾರೆ. ಮನೆಗೆ ಹೋದರೆ ಬಿಸಿ ಎಣ್ಣೆ, ಬಿಸಿನೀರಿನ ಶಾಖ. ಎಲ್ಲವೂ ಅಕ್ಕರೆಯಿಂದಲೇ. ಕೇಡಾಗುವುದೂ ಅದರಿಂದಲೇ.

ಪೆಟ್ಟು ಬಿದ್ದಾಗ ತೊಡೆಯ ಸ್ನಾಯು ಮೂಳೆಗೆ ಒತ್ತಿ ಜಜ್ಜಿಹೋಗಿ ಒಳಗೇ ನೆತ್ತರು ಸೋರುತ್ತದೆ. ಮೊದಲ ಎರಡು ಮೂರು ದಿನ ನೀವಿದರೆ, ಶಾಖ ಕೊಟ್ಟರೆ, ಮೇಲೆ ಹೆಂಡ ಕುಡಿದರೆ ಸೋರಿಕೆ ಹೆಚ್ಚುತ್ತದೆ. ಕೆಲವರಿಗೆ ವಾರಗಳು ಕಳೆದ ಮೇಲೆ ಸ್ನಾಯುವಿನೊಳಗೇ ಮೂಳೆ ಬೆಳೆಯುತ್ತದೆ. ಮಯೋಸೈಟಿಸ್ ಆಸಿಫಿಕನ್ಸ್ ಎನ್ನುವ ಈ ತೊಂದರೆ ಅಂಟಿದರೆ ಮೊಣಕಾಲು ಮಡಿಸಲು ತಿಂಗಳುಗಟ್ಟಲೆ ಹೆಣಗಬೇಕು.

ಮಾಡಬೇಕಾದ್ದು ಸರಳ. ಹುಡುಗನನ್ನು ಕೂರಿಸಿ, ನೋವು ತಡೆಯುವಷ್ಟು ಮೊಣಕಾಲು ಮಡಿಸಿ, ತೊಡೆ ಮತ್ತು ಮೀನಖಂಡ ಸೇರಿಸಿ ಕ್ರೇಪ್ ಬ್ಯಾಂಡೇಜಿನಿಂದ ಕಟ್ಟಬೇಕು. ಬಟ್ಟೆಯ ಮೇಲೆ ಐಸ್ ಇಡಬೇಕು. ಅಮೆರಿಕದ ನೌಕಾ ಅಕಾಡೆಮಿಯ 47 ವಿದ್ಯಾರ್ಥಿಗಳಿಗೆ ಪೆಟ್ಟು ಬಿದ್ದ 10 ನಿಮಿಷದೊಳಗೆ ಮೊಣಕಾಲನ್ನು 120 ಡಿಗ್ರಿ ಮಡಿಸಿ 24 ಗಂಟೆ ಹಾಗೇ ಇರಿಸಿದರು. 2006ರಲ್ಲಿ ಪ್ರಕಟವಾದ ಆ ವರದಿಯಂತೆ ಅವರು ಸರಾಸರಿ ಮೂರೂವರೆ ದಿನದಲ್ಲಿ ಆಟಕ್ಕೆ ಮರಳಿದರು. ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ, ನಿಜ. ಆದರೂ ಆ 10 ನಿಮಿಷವನ್ನು ನಾವು ಬಾಮು ಹಚ್ಚುವುದರಲ್ಲಿ ಕಳೆಯುವುದು ನನಗೆ ಸಹಿಸಲಾಗದ ಸಂಗತಿ.

2025ರ ಸೆಪ್ಟೆಂಬರ್‌ನಲ್ಲಿ ದೇಶ ಜಗಳವಾಡಿದ್ದು ಬೇರೆಯದಕ್ಕೆ. ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ 'ಡಾ.' ಹಾಕಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 9ರಂದು ಪತ್ರ ಬರೆಯಿತು, ಮರುದಿನವೇ ಹಿಂತೆಗೆದುಕೊಂಡಿತು. 'ಡಾ.' ಎಂದರೆ ರೋಗಿಗಳು ವೈದ್ಯರೆಂದೇ ಭಾವಿಸುತ್ತಾರೆ ಎಂಬ ವೈದ್ಯರ ಆತಂಕದಲ್ಲಿ ಒಂದು ಮಾತನ್ನು ಒಪ್ಪುತ್ತೇನೆ: ತೊಡೆ ಕಲ್ಲಿನಂತೆ ಬಿಗಿದು, ನೋವು ಏರುತ್ತಲೇ ಹೋಗಿ, ಪಾದ ಜೋಮು ಹಿಡಿದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಆದರೆ ಅದನ್ನು ಗುರುತಿಸಲು ಅಲ್ಲಿ ಕಲಿತವರೊಬ್ಬರು ಇರಬೇಕಲ್ಲ! ಅಂಥ ಅಪಾಯವಿಲ್ಲದಿದ್ದರೆ ಎರಡನೆಯ ದಿನದಿಂದ ನೋವಾಗದಷ್ಟೇ ಹಿಗ್ಗಿಸುವುದು, ತೊಡೆ ಬಿಗಿದು ಸಡಿಲಿಸುವುದು, ಆಮೇಲೆ ಸೈಕಲ್, ಕೊನೆಗೆ ಓಟ. ಇದನ್ನು ಹಂತ ಹಂತವಾಗಿ ಮಾಡಿಸುವುದು ಫಿಸಿಯೋಥೆರಪಿಸ್ಟರ ಕೆಲಸ. 2021ರ ಕೇಂದ್ರ ಕಾಯ್ದೆ ಅವರ ವೃತ್ತಿಗೆ ಮಾನ್ಯತೆ ಕೊಟ್ಟಾಗಿದೆ. ಹಳ್ಳಿಯ ಆಟಗಾರನಿಗೆ ಅವರು ಸಿಗುವುದು ಯಾವಾಗ?

ಪಂದ್ಯಾವಳಿಗೆ ಅನುಮತಿ ಕೊಡುವವರು ಒಂದು ಷರತ್ತು ಹಾಕಲಿ: ಐಸ್ ಪೆಟ್ಟಿಗೆ, ಕ್ರೇಪ್ ಬ್ಯಾಂಡೇಜು, ತರಬೇತಿ ಪಡೆದ ಒಬ್ಬರು ಅಂಕಣದ ಬಳಿ ಇಲ್ಲದಿದ್ದರೆ ಸೀಟಿ ಊದುವಂತಿಲ್ಲ. ಮಂಡ್ಯದ ಕ್ರೀಡಾ ಇಲಾಖೆ ಊರಿಗೊಬ್ಬ ತರಬೇತುದಾರನಿಗೆ ಈ ಕಟ್ಟು ಕಟ್ಟುವುದನ್ನು ಕಲಿಸಲಿ. ಇದರ ಖರ್ಚು ಎರಡು ಫ್ಲೆಕ್ಸು ಕಡಿಮೆ ಮಾಡಿದರೆ ಹುಟ್ಟುತ್ತದೆ.